ಕಾವಲಿಗೆ ಬಂದ ರತ್ನತ್ತೆ

ಹೋದ ಭಾನುವಾರ ಪಿರಿಯಾಪಟ್ಟಣದಲ್ಲಿ ಹುಣಸೂರಿನ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದಳು. ಬಸ್ಸು ಊರು ದಾಟುವ ಮೊದಲೇ ಆಕೆ ಬ್ಯಾಗಿನಿಂದ ಒಂದು ನಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಗೀರಿ, ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ವಾಸನೆ ನನ್ನವರೆಗೂ ಬಂತು. ನಿಂಬೆಹಣ್ಣೆಂದರೆ ನಿಮಗೆ ಉಪ್ಪಿನಕಾಯಿಯೋ ಚಿತ್ರಾನ್ನವೋ ನೆನಪಾಗಬಹುದು. ನನಗೆ ನೆನಪಾಗುವುದು ಸಂಪಾಜೆ ಘಾಟಿ, ಅದರ ಕೆಳಗಿನ ಸೆಕೆ, ಮತ್ತು ನನ್ನ ಹಣೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಕೂತಿದ್ದ ನಮ್ಮ ರತ್ನತ್ತೆ.

ಒಂದು ಕಾಲಕ್ಕೆ ನಾನೂ ಆ ಹುಡುಗಿಯಂತೆಯೇ ಇದ್ದೆ. ಗಾವಡಗೆರೆಯಿಂದ ಹುಣಸೂರಿನ ಕಾಲೇಜಿಗೆ ದಿನವೂ ಹೋಗಿಬರುವ ಅಷ್ಟು ಚಿಕ್ಕ ದಾರಿಯಲ್ಲೂ ನನಗೆ ಹೊಟ್ಟೆ ತೊಳಸುತ್ತಿತ್ತು. ಬೆಳಗಿನ ಬಸ್ಸಿನ ಕಂಡಕ್ಟರು ನನ್ನನ್ನು ದೂರದಿಂದಲೇ ಕಂಡು, "ಬಂದ್ಲು ನೋಡ್ರಪ್ಪ ನಿಂಬೆಹಣ್ಣು, ಕಿಟಕಿ ಬುಡ್ರಿ" ಎಂದು ಕೂಗುತ್ತಿದ್ದರು. ಬಸ್ಸಿಗೆ ಬಸ್ಸೇ ಸರಿದು ನನಗೆ ದಾರಿ ಬಿಡುತ್ತಿತ್ತು. ಇಡೀ ಊರಿನಲ್ಲಿ ಇಂಥ ಮರ್ಯಾದೆ ಪಂಚಾಯಿತಿ ಅಧ್ಯಕ್ಷರನ್ನು ಬಿಟ್ಟರೆ ನನಗೇ ಇದ್ದದ್ದು.

ಇಂಥ ನಾನು ಬಿ.ಎ. ಎರಡನೇ ವರ್ಷದಲ್ಲಿ ಕಾಲೇಜಿನ ಟೂರಿಗೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಶನಿವಾರ, ಭಾನುವಾರ ಎರಡೇ ದಿನದ ಟೂರು. ಮಡಿಕೇರಿ, ಸುಳ್ಯದ ಮೇಲೆ ಹೋಗಿ ಕೇರಳದ ಬೇಕಲದ ಹಳೇ ಕೋಟೆ ನೋಡುವುದು, ಅಲ್ಲೇ ಸಮುದ್ರದ ದಡದ ರೆಸಾರ್ಟಿನಲ್ಲಿ ಉಳಿದು ಮಾರನೆಯ ದಿನ ಹೊರಟು ಬರುವುದು. ಕೋಟೆಯ ಬಗ್ಗೆ ನನಗಾಗಲಿ ನನ್ನ ಗೆಳತಿ ಮಂಜುಳನಿಗಾಗಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ನಮಗೆ ಬೇಕಾಗಿದ್ದದ್ದು ಸಮುದ್ರ. ಮಂಜುಳ ಮಿರ್ಲೆಯವಳು, ಹಾಸ್ಟೆಲಿನಲ್ಲಿದ್ದಳು. ಅವರ ಊರಿನ ಕಡೆ ನಾಲೆಯಿದೆ, ಗದ್ದೆಯಿದೆ. ಹಾಗಾಗಿ ನೀರಿನ ವಿಷಯದಲ್ಲಿ ತಾನು ನನಗಿಂತ ಅನುಭವಸ್ಥೆ ಎಂದು ಅವಳು ತಿಳಿದಿದ್ದಳು.

ಟೂರು ಹೊರಡಿಸಿದವರು ಹಿಸ್ಟರಿಯ ಸಿದ್ದರಾಜು ಸರ್. ಅತಿಥಿ ಉಪನ್ಯಾಸಕರು, ಈ ವರ್ಷ ಇದ್ದ ಕೆಲಸ ಮುಂದಿನ ವರ್ಷ ಇರುತ್ತದೆಂಬ ಖಾತ್ರಿಯಿಲ್ಲದವರು. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನವರಾದ್ದರಿಂದ ನಾವು ಹಿಂದಿನಿಂದ 'ಕೋಟೆ ಸರ್' ಎನ್ನುತ್ತಿದ್ದೆವು. ಕೇರಳದ ಗಡಿ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೆ ಮಲಯಾಳ ನೀರು ಕುಡಿದಷ್ಟು ಸಲೀಸು. ಸಣ್ಣ ಆಳು. ಷರ್ಟಿನ ತೋಳನ್ನು ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡು ಬರುತ್ತಿದ್ದರು. ಪಾಠ ಮಾಡುವಾಗ ರಾಜರ ಹೆಸರು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ಸಮಯ ನೋಡಿಕೊಂಡು ಹಿಂದಿನ ಬೆಂಚಿನವರು ಹೊರಗೆ ಜಾರುತ್ತಿದ್ದರು. ತಮ್ಮ ತಂಗಿಯರನ್ನು ದಡ ಸೇರಿಸುವುದರಲ್ಲಿ ತಮ್ಮ ಮದುವೆಯ ವಯಸ್ಸು ದಾಟಿಸಿಕೊಂಡವರು ಎಂಬುದು ಕಾಲೇಜಿಗೆಲ್ಲ ಗೊತ್ತಿತ್ತು.

ಮನೆಯಲ್ಲಿ ಟೂರಿನ ಮಾತೆತ್ತಿದ ದಿನ ಅಪ್ಪ ಹೊಗೆಸೊಪ್ಪಿನ ಹೊಲದಿಂದ ಆಗತಾನೆ ಬಂದು ಜಗಲಿಯಲ್ಲಿ ಕೂತಿದ್ದ. ಒಳ್ಳೆಯ ಮನುಷ್ಯ. ಒಂದು ಮಾತನ್ನು ಹೇಳುವ ಮೊದಲು ಅದನ್ನು ಯಾರು ಯಾರು ಕೇಳಿಸಿಕೊಳ್ಳಬಹುದು ಎಂದು ಯೋಚಿಸುವವನು. ಅವನ ಅಣ್ಣ, ನಮ್ಮ ದೊಡ್ಡಪ್ಪ, ಹಾಗಲ್ಲ. ಪಕ್ಕದ ಮನೆಯಲ್ಲೇ ಇದ್ದ ದೊಡ್ಡಪ್ಪ ಕೇಳಿದವನೇ, "ಸಮುದ್ರವಂತೆ, ಗಂಡೈಕ್ಳ ಜೊತೆಗಂತೆ, ಅಲ್ಲೇ ತಂಗ್ತಾರಂತೆ! ಯಾವ ಸೀಮೆ ಓದ್ಲಾ ಇದು?" ಎಂದ. ನಾನು ಊಟ ಬಿಟ್ಟೆ. ಅಂದರೆ ಮಧ್ಯಾಹ್ನದ ಊಟ ಬಿಟ್ಟೆ. ಸಂಜೆ ಅವ್ವ ರೊಟ್ಟಿ ತಟ್ಟಿದಾಗ ಹಟ ಸ್ವಲ್ಪ ಸಡಿಲವಾಯಿತು. ಕಡೆಗೆ ಅಪ್ಪ ಒಂದು ದಾರಿ ಹುಡುಕಿದ.

"ರತ್ನನ್ ಜೊತೆಗ್ ಓಗೋದಾದ್ರೆ ಓಗು. ಅವ್ಳು ಕಾವಲಿಗಿರ್ತಾಳೆ."

ಕಾಲೇಜಿನ ಟೂರಿಗೆ ಅತ್ತೆಯನ್ನು ಕರೆದುಕೊಂಡು ಹೋಗುವುದೆಂದರೇನು, ನೀವೇ ಹೇಳಿ. ನಾಚಿಕೆಯಿಂದ ಸಾಯುವಂತಾಯಿತು. ಸರ್ ಒಪ್ಪುವುದಿಲ್ಲವೆಂಬ ನಂಬಿಕೆಯ ಮೇಲೆ ಅವರನ್ನು ಕೇಳಿದೆ. ಬರಬೇಕಾಗಿದ್ದ ಮೇಡಂ ಒಬ್ಬರು ಕೊನೆಗಳಿಗೆಯಲ್ಲಿ ಬರುವುದಿಲ್ಲವೆಂದಿದ್ದರಂತೆ. ಸರ್ ಮುಖವರಳಿಸಿ, "ಒಳ್ಳೇದೇ ಆಯ್ತಲ್ಲಮ್ಮ. ಹೆಣ್ಮಕ್ಕಳ ಜೊತೆಗೆ ಒಬ್ರು ದೊಡ್ಡೋರು ಇದ್ದಂಗಾಯ್ತು" ಎಂದುಬಿಟ್ಟರು.

ದೊಡ್ಡವರು! ರತ್ನತ್ತೆಗೆ ಆಗ ಮೂವತ್ತೈದೂ ತುಂಬಿರಲಿಲ್ಲ. ಅಪ್ಪನ ಕೊನೆಯ ತಂಗಿ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಬೇಸಿಗೆಯಲ್ಲೇ ಅವಳ ಮದುವೆಯಾಯಿತು. ಕೆ.ಆರ್. ನಗರದ ಕಡೆಯ ಮನೆ. ಕೆಲವೇ ವರ್ಷಕ್ಕೆ ಗಂಡ ಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ಒಂದು ಟ್ರಂಕಿನೊಂದಿಗೆ ತವರಿಗೆ ಬಂದವಳು ನನಗೆ ನೆನಪಿದ್ದಾಗಿನಿಂದ ನಮ್ಮ ಮನೆಯಲ್ಲೇ ಇದ್ದಳು. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವುದರಲ್ಲಿ ಅವಳ ಕೈ ನೋಡುವುದೇ ಒಂದು ಚೆಂದ. ಸುಗ್ಗಿಯಲ್ಲಿ ಸೊಪ್ಪಿನ ಅಂಟು ಹತ್ತಿ ಅವಳ ಬೆರಳುಗಳು ಕಪ್ಪಗಿರುತ್ತಿದ್ದವು. ಆ ಬೆರಳು ತಾಗದಂತೆ ಅಂಗೈಯಲ್ಲೇ ನನ್ನ ಪುಸ್ತಕದ ಹಾಳೆ ಮಗುಚಿ ಅವಳು ಓದುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಪೊಟ್ಟಣ ಕಟ್ಟಿಬಂದ ಪೇಪರನ್ನೂ ಓದುತ್ತಿದ್ದಳು, ನನ್ನ ಹಿಸ್ಟರಿ ಪುಸ್ತಕವನ್ನೂ ಓದುತ್ತಿದ್ದಳು. ಅದರಲ್ಲೇನು ವಿಶೇಷ ಎಂದು ನಾನು ಯೋಚಿಸಿರಲಿಲ್ಲ. ಅತ್ತೆ ಅಂದರೆ ಹಾಗೆಯೇ, ಅಷ್ಟೆ.

ಶನಿವಾರ ನಸುಕಿನಲ್ಲಿ ಹೊರಟೆವು. ರತ್ನತ್ತೆ ರೊಟ್ಟಿಯ ಗಂಟು, ಹುಚ್ಚೆಳ್ಳು ಚಟ್ನಿಯ ಡಬ್ಬ, ಬದಲಿಗೊಂದು ಸೀರೆ ಇದ್ದ ಚೀಲ ಹಿಡಿದು ಬಸ್ಸು ಹತ್ತಿದಳು. ನಾನು ಅವಳಿಗೂ ನನಗೂ ಸಂಬಂಧವೇ ಇಲ್ಲವೆಂಬಂತೆ ಹಿಂದಿನ ಸೀಟಿನಲ್ಲಿ ಮಂಜುಳನ ಪಕ್ಕ ಕೂತೆ. ಆ ಗತ್ತು ಮಡಿಕೇರಿಯವರೆಗೆ ಬಾಳಿತು. ಸಂಪಾಜೆ ಘಾಟಿ ಇಳಿಯುವಾಗ ತೂರಾಡುತ್ತ ಮುಂದೆ ಬಂದು ಅವಳ ತೊಡೆಯ ಮೇಲೆ ಬಿದ್ದುಕೊಂಡೆ. ಅವಳು ತನ್ನ ಬದಲಿ ಸೀರೆಯನ್ನು ಮಡಿಸಿ ನನ್ನ ತಲೆಗಿಟ್ಟಳು. ಆ ಸೀರೆಯ ಮೇಲೆ ನಾನೇನು ಮಾಡಿದೆ ಎಂಬುದನ್ನು ವಿವರಿಸುವುದು ಬೇಡ. ಆಮೇಲಿನ ಕಥೆಯೆಲ್ಲ ನಡೆದದ್ದು ಆ ಸೀರೆ ಹಾಳಾದದ್ದರಿಂದಲೇ ಎಂದಷ್ಟೇ ಹೇಳುತ್ತೇನೆ.

ಸುಳ್ಯ ದಾಟಿ ನಾನು ತಲೆಯೆತ್ತುವ ಹೊತ್ತಿಗೆ ಬಸ್ಸು ಅವಳದಾಗಿತ್ತು. ಹುಡುಗರೆಲ್ಲ "ಅತ್ತೆ, ಇನ್ನೊಂದ್ ರೊಟ್ಟಿ" ಎಂದು ಕೈಚಾಚುತ್ತಿದ್ದರು. ಹುಡುಗಿಯರು ಒಗಟು ಹೇಳಿಸಿಕೊಳ್ಳುತ್ತಿದ್ದರು. ಡ್ರೈವರ್ ಪಕ್ಕ ಕೂತಿದ್ದ ಕೋಟೆ ಸರ್ ಕೂಡ ಚಟ್ನಿ ಹಚ್ಚಿದ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು, "ನಮ್ ಕಡೇನೂ ಹಿಂಗೇ ಮಾಡೋದು ಕಣ್ರೀ" ಎಂದರು. "ನಿಮ್ ಕಡೆ ಅಂದ್ರೆ ಯಾವ ಕಡೆ ಸಾ?" ಎಂದಳು ರತ್ನತ್ತೆ. "ಬೇಗೂರು. ಕಾಡಂಚು." "ಅಲ್ಲಿ ಆನೆ ಬತ್ತವಂತಲ್ಲ?" "ಬತ್ತವೆ. ಆನೆಗೂ ನಮಗೂ ಒಂದೇ ದಾರಿ." ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕೋಟೆ ತಲುಪಿದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. ಕೆಂಪು ಮುರಕಲ್ಲಿನ ದಪ್ಪ ಗೋಡೆ, ಒಳಗೆ ವಿಶಾಲವಾದ ಹುಲ್ಲು, ಮಧ್ಯದಲ್ಲೊಂದು ಎತ್ತರದ ಕಾವಲು ಬತೇರಿ, ಗೋಡೆಯಾಚೆ ನೀಲಿ. ನಾವು ಅರಮನೆ ಇರುತ್ತದೆಂದು ತಿಳಿದಿದ್ದೆವು. "ಸಾರ್, ಒಳಗೆ ಏನೂ ಇಲ್ವಲ್ಲ ಸಾರ್?" ಎಂದು ಒಬ್ಬ ಹುಡುಗ ನಿರಾಶೆಯಿಂದ ಕೇಳಿದ. "ಇಲ್ದೇ ಇರೋದನ್ನ ನೋಡೋಕೇ ಕಣಪ್ಪ ಹಿಸ್ಟರಿ ಓದೋದು" ಎಂದರು ಸರ್. ಎಂದವರೇ ಕೆಳದಿಯ ನಾಯಕರಿಂದ ಶುರುಮಾಡಿ ಕಣ್ಣು ಮುಚ್ಚಿಕೊಂಡರು. ಅಭ್ಯಾಸಬಲದಿಂದ ನಾವು ಜಾರಿಕೊಂಡೆವು. ಮೊಬೈಲಿಗೆ ಕ್ಯಾಮೆರಾ ಬಂದ ಹೊಸತು. ಇಡೀ ಗುಂಪಿನಲ್ಲಿ ಅಂಥ ಮೊಬೈಲಿದ್ದದ್ದು ಮಂಜುಳನ ಹತ್ತಿರ ಒಂದು, ಇನ್ನೊಬ್ಬ ಹುಡುಗನ ಹತ್ತಿರ ಒಂದು. ಫಿರಂಗಿಯ ಕಿಂಡಿಯಲ್ಲಿ ತಲೆ ತೂರಿಸಿ, ಗೋಡೆಯ ಮೇಲೆ ಕಾಲು ಇಳಿಬಿಟ್ಟು, ಸಮುದ್ರದ ಕಡೆ ಕೈ ಚಾಚಿ ನಾವು ನಿಂತದ್ದೇ ನಿಂತದ್ದು.

ತಿರುಗಿ ನೋಡಿದರೆ ಆ ಹುಲ್ಲಿನ ಬಯಲಿನಲ್ಲಿ ಸರ್ ಮಾತಾಡುತ್ತಲೇ ಇದ್ದರು. ಅವರ ಮುಂದೆ, ಮುರಕಲ್ಲಿನ ಒಂದು ತುಂಡಿನ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರತ್ನತ್ತೆಯೊಬ್ಬಳೇ ಕೂತಿದ್ದಳು. ಸರ್ ಕಣ್ಣು ಬಿಟ್ಟು ನೋಡಿದರಂತೆ. ಕಾಲೇಜೆಲ್ಲ ಮಾಯವಾಗಿ ಕಾವಲಿನವಳೊಬ್ಬಳು ಉಳಿದಿದ್ದಾಳೆ. ಮಾತು ನಿಲ್ಲಿಸಿದರು. ಅವಳು, "ಆಮೇಲೆ ಸಾ?" ಎಂದಳು. ನಾನು ನೀರಿನ ಬಾಟಲಿ ತೆಗೆದುಕೊಳ್ಳಲು ಹತ್ತಿರ ಬಂದಿದ್ದರಿಂದ ಈ ಮಾತನ್ನು ಕಿವಿಯಾರೆ ಕೇಳಿದೆ. ಸರ್ ಮತ್ತೆ ಶುರುಮಾಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ.

ರೆಸಾರ್ಟ್ ಎಂದರೆ ನಾವು ಸಿನಿಮಾದಲ್ಲಿ ನೋಡಿದಂಥದ್ದಲ್ಲ. ತೆಂಗಿನ ಮರಗಳ ನಡುವೆ ಹೆಂಚು ಹೊದಿಸಿದ ನಾಲ್ಕಾರು ಮನೆಗಳು, ಬಣ್ಣ ಹೋದ ಉಯ್ಯಾಲೆ, ಊಟದ ಒಂದು ಹಾಲು. ಊಟಕ್ಕೆ ಕೆಂಪು ಕುಸುಬಲಕ್ಕಿಯ ಅನ್ನ ಬಡಿಸಿದಾಗ ನಮ್ಮ ಮುದ್ದೆ ತಿನ್ನುವ ಹುಡುಗರು "ಇದೇನ್ಲಾ ಅನ್ನ, ಗೋಲಿ ಇದ್ದಂಗದೆ" ಎಂದು ಮುಖ ಮುಖ ನೋಡಿಕೊಂಡರು. ಆದರೆ ತೆಂಗಿನ ಮರಗಳನ್ನು ದಾಟಿದರೆ ಮರಳು. ಮರಳು ದಾಟಿದರೆ, ಅದು.

ಅಪ್ಪನ ಅಪ್ಪಣೆ ಸ್ಪಷ್ಟವಾಗಿತ್ತು: ನೀರಿಗೆ ಇಳಿಯುವ ಹಾಗಿಲ್ಲ. ರತ್ನತ್ತೆ ಎಲ್ಲ ಹುಡುಗಿಯರ ಚಪ್ಪಲಿಗಳನ್ನು ಗುಡ್ಡೆ ಹಾಕಿಕೊಂಡು, ಅದರ ಪಕ್ಕ ಸೊಪ್ಪಿನ ರಾಶಿ ಕಾಯುವವಳಂತೆ ಕೂತಳು. ನಾವು ಪಾದ ಮುಳುಗುವಷ್ಟು ಹೋದೆವು, ಮೊಣಕಾಲು ಮುಳುಗುವಷ್ಟು ಹೋದೆವು. ನಾಲೆಯ ಅನುಭವಿ ಮಂಜುಳ, "ಇನ್ನೊಂಚೂರು ಬಾರೆ, ಏನಾಗಲ್ಲ" ಎಂದಳು. ಮಗುಚಿ ಬಂದ ಒಂದು ಅಲೆ ನಮ್ಮಿಬ್ಬರ ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ನಾನು ಬಿದ್ದೆ. "ಅಯ್ಯೋ ನನ್ ಮಗು!" ಎಂಬ ಕೂಗು ಕೇಳಿಸಿತು. ರತ್ನತ್ತೆ ಚಪ್ಪಲಿ ರಾಶಿಯನ್ನು ಒದ್ದುಕೊಂಡು ಓಡಿಬಂದು ನನ್ನ ಜಡೆ ಹಿಡಿದಳು. ಅಷ್ಟರಲ್ಲಿ ಇನ್ನೊಂದು ಅಲೆ ಬಂದು ಮೂವರನ್ನೂ ಒಟ್ಟಿಗೆ ಉರುಳಿಸಿ ದಡಕ್ಕೆ ಎಸೆಯಿತು.

ಉಪ್ಪುನೀರು ಉಗುಳುತ್ತ ಬೈಗುಳಕ್ಕೆ ಕಾದು ಕೂತೆ. ಬೈಗುಳ ಬರಲಿಲ್ಲ. ನೋಡಿದರೆ ಅವಳು ಮರಳಿನ ಮೇಲೆ ಕಾಲು ಚಾಚಿ ಕೂತು ನಗುತ್ತಿದ್ದಳು. ಸೆರಗಿನ ಮರೆಯ ನಗುವಲ್ಲ. ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಯಲ್ಲಿ ಯಾರೂ ಕೇಳಿರದ ನಗು. "ಇನ್ನೊಂದ್ ಬತ್ತದೆ ಕಣ್ರಮ್ಮಿ, ಕುಂತ್ಕಳಿ!" ಎಂದು ನಮ್ಮಿಬ್ಬರನ್ನೂ ಎಳೆದು ಪಕ್ಕ ಕೂರಿಸಿಕೊಂಡಳು. ಹೊತ್ತು ಇಳಿಯುವವರೆಗೆ ಕೂತೇ ಇದ್ದೆವು. ಚದುರಿದ ಚಪ್ಪಲಿಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದವರು ಕೋಟೆ ಸರ್.

ಈಗ ಸೀರೆಯ ಪ್ರಶ್ನೆ. ಉಟ್ಟದ್ದು ನೆಂದಿತ್ತು, ಬದಲಿಯದ್ದನ್ನು ನಾನು ಘಾಟಿಯಲ್ಲೇ ಮುಗಿಸಿದ್ದೆ. ನಾನು ಕಡ್ಡಿಯಂತಿದ್ದೆ, ನನ್ನ ಬಟ್ಟೆ ಅವಳಿಗೆ ಆಗುತ್ತಿರಲಿಲ್ಲ. ಮಂಜುಳ ತನ್ನ ಹಸಿರು ಚೂಡಿದಾರ ತೆಗೆದುಕೊಟ್ಟಳು. ಬೇಡ ಬೇಡವೆಂದು ಕೋಣೆಯ ಬಾಗಿಲು ಹಾಕಿಕೊಂಡ ಅತ್ತೆ ಬಹಳ ಹೊತ್ತು ಹೊರಗೆ ಬರಲಿಲ್ಲ. ಕಡೆಗೆ ವೇಲನ್ನು ಸೆರಗಿನ ಹಾಗೆ ತಲೆಯವರೆಗೂ ಹೊದ್ದು ಹೊರಬಂದಳು. ಹುಡುಗಿಯರು ಅದನ್ನು ಎಳೆದು ಹೆಗಲ ಮೇಲೆ ಹಾಕಿ, ಒದ್ದೆ ಕೂದಲನ್ನು ಬೆನ್ನ ಮೇಲೆ ಬಿಟ್ಟರು.

ಊಟದ ಹಾಲಿನ ಬಾಗಿಲಲ್ಲಿ ಸರ್ ತಲೆ ಎಣಿಸುತ್ತ ನಿಂತಿದ್ದರು. ಅವಳು ಒಳಗೆ ಕಾಲಿಡುವಾಗ ತಡೆದು ಕೇಳಿದರು: "ನೀನು ಯಾವ ಕ್ಲಾಸಮ್ಮ? ಬಸ್ಸಲ್ಲಿ ಹಾಜರಿ ಕೂಗ್ದಾಗ ಕಾಣ್ಲಿಲ್ವಲ್ಲ?"

ಎಲ್ಲರೂ ಗೊಳ್ಳೆಂದರು. ಸರ್‌ಗೆ ಗೊತ್ತಾಗಿ ಕಿವಿಯವರೆಗೂ ಕೆಂಪಾದರು. ಅವಳು ಮಾತ್ರ ನಗಲಿಲ್ಲ. ತಲೆ ತಗ್ಗಿಸಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವವಳಂತೆ, "ಎಸ್ಸೆಸ್ಸೆಲ್ಸಿ ಪಾಸು ಸಾ. ಮುಂದಕ್ಕೆ ಓದ್ಲಿಲ್ಲ" ಎಂದಳು.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಅವರಿಬ್ಬರೂ ಆ ಬಣ್ಣ ಹೋದ ಉಯ್ಯಾಲೆಯ ಬಳಿ ಇದ್ದರು. ಅವಳು ಉಯ್ಯಾಲೆಯ ಮೇಲೆ ಕೂತಿದ್ದಳು, ತೂಗುತ್ತಿರಲಿಲ್ಲ. ಅವರು ತೆಂಗಿನ ಮರಕ್ಕೊರಗಿ ನಿಂತಿದ್ದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಕೇಳಬೇಕೆಂದೂ ಅನ್ನಿಸಲಿಲ್ಲ, ಮಂಜುಳನ ಮೊಬೈಲಿನಲ್ಲಿ ನನ್ನ ಮುಖ ಎಡಗಡೆಯಿಂದ ಚೆನ್ನಾಗಿ ಬರುತ್ತದೋ ಬಲಗಡೆಯಿಂದಲೋ ಎಂಬ ದೊಡ್ಡ ಚಿಂತೆ ನನಗಿತ್ತು. ಹೊರಡುವ ಮುಂಚೆ ಗೇಟಿನ ಮುಂದೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡೆವು. ನಡುವಿನ ಸಾಲಿನಲ್ಲಿ ಹಸಿರು ಚೂಡಿದಾರದ ರತ್ನತ್ತೆ. ಮಡಿಕೇರಿ ಹತ್ತಿರವಾದಾಗ ಅವಳು ಆರಿದ ಸೀರೆಯನ್ನು ಚೂಡಿದಾರದ ಮೇಲೆಯೇ ಸುತ್ತಿಕೊಂಡಳು. ಹುಣಸೂರಿನಲ್ಲಿ ಇಳಿಯುವಾಗ ಹೋಗಿದ್ದ ಅತ್ತೆಯೇ ಬಂದ ಹಾಗಿದ್ದಳು.

ಫೋಟೋ ನಮಗಿಂತ ಸ್ವಲ್ಪ ತಡವಾಗಿ ಊರಿಗೆ ಬಂತು. ಆ ಇನ್ನೊಂದು ಮೊಬೈಲಿನ ಹುಡುಗನಿಂದ ಅವನ ಗೆಳೆಯನಿಗೆ, ಅವನಿಂದ ನಮ್ಮೂರಿನ ಹಾಲಿನ ಡೇರಿಯ ಮುಂದೆ ಕೂರುವವರಿಗೆ. ದೊಡ್ಡಪ್ಪ ಅದನ್ನು ಡೇರಿಯ ಮುಂದೆಯೇ ನೋಡಿದ. ಮನೆಗೆ ಬಂದು ಅಪ್ಪನಿಗೆ ಏನೇನೋ ಹೇಳಿದ. ಅಪ್ಪ ಅತ್ತೆಗೆ ಏನೂ ಹೇಳಲಿಲ್ಲ, ಕೆಲವು ದಿನ ಅವಳ ಮುಖ ನೋಡಿ ಮಾತಾಡಲಿಲ್ಲ ಅಷ್ಟೆ.

ಅದಾದ ಮೇಲೆ ಒಂದು ಭಾನುವಾರ ಕೋಟೆ ಸರ್ ನಮ್ಮ ಮನೆಗೆ ಬಂದರು. ಜೊತೆಗೆ ಅವರ ಭಾವ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನಾನೇನೋ ಪರೀಕ್ಷೆಯಲ್ಲಿ ಫೇಲಾಗಿದ್ದೇನೆ, ಅದನ್ನು ಹೇಳಲು ಬಂದಿದ್ದಾರೆ ಎಂದು ನಡುಗಿಹೋದೆ. ಅವ್ವ ನನ್ನ ಕೈಗೆ ಚೊಂಬು ಕೊಟ್ಟು, "ಕಾಫಿಗೆ ಆಲಿಲ್ಲ, ಆಚೆಬೀದಿ ಚೆನ್ನಮ್ಮನ ಮನೇಲಿ ಈಸ್ಕೊಂಡ್ ಬಾ" ಎಂದಳು. ಮನೆಯಲ್ಲಿ ಹಾಲಿತ್ತು, ನಾನೇ ಬೆಳಿಗ್ಗೆ ಕಾಯಿಸಿದ್ದೆ. ಆದರೂ ಹೋದೆ. ಹಿಂದಿರುಗಿದಾಗ ಜಗಲಿ ಖಾಲಿ. ಬಾಳೆಹಣ್ಣು ಕೂಡ ಇರಲಿಲ್ಲ. ಅಪ್ಪ ಗೋಡೆ ನೋಡುತ್ತ ಕೂತಿದ್ದ. ರತ್ನತ್ತೆ ಹಿತ್ತಲಲ್ಲಿ ಸೊಪ್ಪು ಕಟ್ಟುತ್ತಿದ್ದಳು. ಚೊಂಬು ಹಿಡಿದುಕೊಂಡೇ, "ಸರ್ ಯಾಕತ್ತೆ ಬಂದಿದ್ದು?" ಎಂದೆ. "ಏನಿಲ್ಲ ಕಣವ್ವ. ಕಾಲೇಜಿನ ಇಚಾರ" ಎಂದಳು.

ನಿಜ ನನಗೆ ಗೊತ್ತಾದದ್ದು ಮಂಜುಳನಿಂದ; ಅವಳ ಹಾಸ್ಟೆಲಿಗೆ ಕಾಲೇಜಿನ ಸುದ್ದಿಯೆಲ್ಲ ಹೇಗೋ ಮುಟ್ಟುತ್ತಿತ್ತು. ಸರ್ ಅತ್ತೆಯನ್ನು ಮದುವೆಗೆ ಕೇಳಲು ಬಂದಿದ್ದರು. ಅವರದು ನಮ್ಮ ಜನವಲ್ಲ, ಕೆಲಸವೂ ಕಾಯಂ ಅಲ್ಲ. ಅದೆಲ್ಲವನ್ನೂ ತಾವೇ ಮೊದಲು ಹೇಳಿಕೊಂಡು ಕೇಳಿದರಂತೆ. ಅಪ್ಪ ಬೇಡವೆನ್ನಲಿಲ್ಲವಂತೆ. ಬೇಡವೆಂದವಳು ರತ್ನತ್ತೆಯೇ ಅಂತೆ. ಮುಂದಿನ ವರ್ಷ ಸರ್ ನಮ್ಮ ಕಾಲೇಜಿಗೆ ಬರಲಿಲ್ಲ. ಹಿಸ್ಟರಿಗೆ ಬಂದ ಹೊಸಬರು ಕಣ್ಣು ಬಿಟ್ಟುಕೊಂಡೇ ಪಾಠ ಮಾಡುತ್ತಿದ್ದರು. ನಮಗೆ ಓಡಿಹೋಗಲು ಆಗುತ್ತಿರಲಿಲ್ಲ.

ಆ ವಯಸ್ಸಿನಲ್ಲಿ ನನಗೆ ಎಲ್ಲವೂ ಗೊತ್ತಿತ್ತಲ್ಲ! ಅತ್ತೆಗೆ ಧೈರ್ಯವಿಲ್ಲ, ಬಂದ ಬಾಗಿಲನ್ನು ತಾನೇ ಮುಚ್ಚಿಕೊಂಡಳು ಎಂದು ತೀರ್ಮಾನಿಸಿ, ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿಟ್ಟು, ನನ್ನ ಬದುಕಿನ ಹಿಂದೆ ಹೊರಟೆ. ಬಿ.ಎ. ಮುಗಿಯಿತು, ಬಿ.ಎಡ್. ಆಯಿತು, ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಕೆಲಸ ಸಿಕ್ಕಿತು. ಅಲ್ಲೇ ಮದುವೆ, ಮನೆ. ಊರಿನಲ್ಲಿ ಅಪ್ಪ ತೀರಿಕೊಂಡ. ನನ್ನ ತಮ್ಮ ಬೇಸಾಯ ನೋಡಿಕೊಂಡ. ಅವನ ಮಕ್ಕಳನ್ನು ಎತ್ತಿ ಆಡಿಸಿದವಳು, ಅಕ್ಷರ ತಿದ್ದಿಸಿದವಳು ರತ್ನತ್ತೆ.

ನಡುವೆ ಒಂದು ಸಲ ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ಕೋಟೆ ಸರ್ ಸಿಕ್ಕಿದ್ದರು. ಕೂದಲು ನರೆತಿತ್ತು. ಷರ್ಟಿನ ತೋಳಿಗೆ ಈಗಲೂ ಮಣಿಕಟ್ಟಿನವರೆಗೆ ಗುಂಡಿ. ಬೇರೆ ಜಿಲ್ಲೆಯಲ್ಲಿ ಕಾಯಂ ಕೆಲಸವಾಗಿತ್ತು, ತಡವಾಗಿ ಮದುವೆಯಾಗಿದ್ದರು. ಕೈ ಹಿಡಿದುಕೊಂಡು ನಿಂತಿದ್ದ ಪುಟ್ಟ ಹುಡುಗಿಯನ್ನು ತೋರಿಸಿ "ಮಗಳು" ಎಂದರು. ಆ ಮಾತು ಈ ಮಾತಾಡಿ, ಬಸ್ಸು ಬಂದ ಮೇಲೆ, "ರತ್ನ ಅವ್ರು ಹೆಂಗಿದ್ದಾರೆ?" ಎಂದರು.

"ಚೆನ್ನಾಗಿದ್ದಾರೆ ಸರ್."

"ಓದಿದ್ರಾ ಮುಂದಕ್ಕೆ?"

"ಇಲ್ಲ ಸರ್."

ಅವರು ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದರು. ಊರಿಗೆ ಹೋದಾಗ, "ಕೋಟೆ ಸರ್ ಸಿಕ್ಕಿದ್ರು ಅತ್ತೆ" ಎಂದೆ. "ಅಂಗಾ" ಎಂದಳು, ಎಮ್ಮೆಗೆ ನೀರಿಡಲು ಎದ್ದು ಹೋದಳು. ಮುಂದೆ ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಈಗ, ಹೋದ ಭಾನುವಾರಕ್ಕೆ ಒಂದು ವಾರ ಮೊದಲು, ಅವ್ವ ನನ್ನ ಮನೆಗೆ ಬಂದಿದ್ದಳು. ನಮ್ಮ ಶಾಲೆಯ ಮಕ್ಕಳ ಪ್ರವಾಸದ ಮಾತು ಬಂತು. ಒಬ್ಬ ಹುಡುಗಿಯ ತಂದೆ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದಾನೆ ಎಂದೆ. ಅವ್ವ ಬಾಯಿತಪ್ಪಿಯೋ ಏನೋ, "ನಿನ್ನೂ ಅಂಗೇ ಮನೇಲಿ ಕೂರುಸ್ತಿದ್ರು. ರತ್ನ ಇದ್ದೊತ್ಗೆ ಉಳುದ್ಕೊಂಡೆ" ಎಂದಳು. ಬಿಡದೆ ಕೇಳಿದೆ. ಚೊಂಬು ಹಿಡಿದು ನಾನು ಹಾಲಿಗೆ ಹೋಗಿದ್ದ ಆ ಹೊತ್ತಿನಲ್ಲಿ ನಡೆದದ್ದನ್ನು ಅವ್ವ ಹೇಳಿದಳು.

ಸರ್ ಕೇಳಿದ ಮೇಲೆ ಅಪ್ಪ ತಲೆ ತಗ್ಗಿಸಿ ಕೂತನಂತೆ. ಹೂಂ ಎನ್ನುವ ಹಾಗೇ ಇದ್ದನಂತೆ. ಅಷ್ಟರಲ್ಲಿ ದೊಡ್ಡಪ್ಪ ಬಂದ. ಬಂದವರ ಎದುರಿಗೇ, "ಕಾವಲಿಗೆ ಕಳ್ಸಿದೋಳೇ ಇಂಗಾದ್ರೆ, ಓದಾಕೋದೋಳು ಇನ್ನೆಂಗಾದಾಳು? ಇವ್ಳು ಒಸ್ಲು ದಾಟುದ್ರೆ ಆ ಮಗಿನ ಕಾಲೇಜು ಇವತ್ಗೇ ಸಾಕು. ಬರೋ ತಿಂಗ್ಳು ಗಂಡು ನೋಡಿ ಕಟ್ತೀನಿ" ಎಂದ. ಅವನ ಮಾತಿಗೆ ಎದುರಾಡುವ ಶಕ್ತಿ ಅಪ್ಪನಿಗಿರಲಿಲ್ಲ. ಬಾಗಿಲ ಹಿಂದಿದ್ದ ರತ್ನತ್ತೆ ಹೊರಗೆ ಬಂದಳು. ಸರ್‌ಗೆ ಕೈ ಮುಗಿದು, "ನಂಗೆ ಇಷ್ಟ ಇಲ್ಲ ಸಾ. ನೀವು ಓಗ್ಬುಡಿ" ಎಂದಳು. ಬಾಳೆಹಣ್ಣನ್ನು ತಾನೇ ಅವರ ಭಾವನ ಕೈಗೆ ಎತ್ತಿಕೊಟ್ಟಳು.

ಹೋದ ಭಾನುವಾರ ನಾನು ಬಸ್ಸು ಹತ್ತಿದ್ದು ಇದಕ್ಕೇ. ಹುಣಸೂರಿನಲ್ಲಿ ಇಳಿದು ಗಾವಡಗೆರೆಯ ಬಸ್ಸು ಹಿಡಿದೆ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಶಾಲೆಯಲ್ಲಿ ಭಾಷಣ ಮಾಡಿ ಮಾಡಿ ಮೇಷ್ಟರಿಗೆ ಬರುವ ಕೆಟ್ಟ ಚಾಳಿ ಅದು.

ರತ್ನತ್ತೆ ಪಡಸಾಲೆಯಲ್ಲಿ ನೆನೆಹಾಕಿದ ಅವರೆಕಾಳನ್ನು ಹಿತುಕುತ್ತ ಕೂತಿದ್ದಳು. ತಮ್ಮನ ಮನೆಯವರೆಲ್ಲ ಯಾವುದೋ ಬೀಗರೂಟಕ್ಕೆ ಹೋಗಿದ್ದರು. "ಬಾರವ್ವ, ಏನಿಂಗ್ ಇದ್ದಕ್ಕಿದ್ದಂಗೆ?" ಎಂದು ಮಣೆ ಸರಿಸಿದಳು. ಜೋಡಿಸಿಕೊಂಡದ್ದೆಲ್ಲ ಕಲಸಿಹೋಯಿತು. ನಾನೂ ಬೋಗುಣಿಗೆ ಕೈಹಾಕಿದೆ. ಸ್ವಲ್ಪ ಹೊತ್ತಾದ ಮೇಲೆ, "ಅವ್ವ ಎಲ್ಲ ಹೇಳಿದಳು ಅತ್ತೆ. ನನ್ನ ಓದಿಗೋಸ್ಕರ ನೀನು ಅಂದು ಬೇಡ ಅಂದೆಯಂತೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದೆ.

ಅವಳು ಕೈ ನಿಲ್ಲಿಸಲಿಲ್ಲ. ಹೆಬ್ಬೆರಳಿನಲ್ಲಿ ಒತ್ತಿದರೆ ಕಾಳು ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲುಳಿಯುತ್ತಿತ್ತು.

"ನಿಮ್ಮವ್ವ ಅರ್ಧ ಏಳವ್ಳೆ" ಎಂದಳು. "ನಿನ್ ಓದು ನಿಲ್ಲುಸ್ತೀನಿ ಅಂತ ದೊಡ್ಡಣ್ಣ ಅಂದಿದ್ದು ದಿಟ. ನಾನು ಬ್ಯಾಡ ಅಂದಿದ್ದೂ ದಿಟ. ಆದ್ರೆ ಬರೀ ನಿನ್ಗೋಸ್ಕರ ಅಂತ ತಲೆ ಮ್ಯಾಲೆ ಒತ್ಕಬ್ಯಾಡ ಕಣವ್ವ."

"ಮತ್ತೆ?"

"ನಂಗೂ ಎದ್ರಿಕೆ ಆಗಿತ್ತು. ಒಂದ್ಸಲ ಓಗಿ ಬಂದೋಳು ನಾನು. ಇನ್ನೊಂದು ಊರು, ಇನ್ನೊಂದು ಜನ, ಅವ್ರ ಮನೇಲಿ ಏನಂತಾರೋ, ಅವ್ರಿಗೂ ಏನಾರಾ ಆಗ್ಬುಟ್ರೆ? ಬಾಗ್ಲಿಂದೆ ನಿಂತ್ಕಂಡು ಅದ್ನೇ ನೆನೀತಿದ್ದೆ. ದೊಡ್ಡಣ್ಣ ನಿನ್ನ ಮಾತು ತಗುದ್ರಲ್ಲ, ಬ್ಯಾಡ ಅನ್ನಾಕೆ ನಂಗೊಂದು ನೆಪ ಸಿಕ್ತು. ಅಷ್ಟೇಯ."

ಅಂಜಿದವಳು ಎಂದು ಬಹಳ ಕಾಲ ನಂಬಿದ್ದೆ. ನನಗಾಗಿ ಬದುಕು ಬಿಟ್ಟವಳು ಎಂದು ಒಂದು ವಾರ ನಂಬಿದ್ದೆ. ಎರಡೂ ನನ್ನ ಅನುಕೂಲಕ್ಕೆ ತಕ್ಕ ಹಾಗೆ ನಾನು ಹೊಲಿದುಕೊಂಡ ಅಂಗಿಗಳಾಗಿದ್ದವು. ಎದುರಿಗೆ ಕೂತಿದ್ದವಳಿಗೆ ಯಾವುದೂ ಸರಿಯಾಗಿ ಕೂರುತ್ತಿರಲಿಲ್ಲ.

"ಈಗ ಏನನ್ನಿಸುತ್ತದೆ ಅತ್ತೆ?"

ಅವಳು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು.

"ಈಗೇನು. ಒಂದೊಂದಿವ್ಸ ಅನ್ನುಸ್ತದೆ. ಎದ್ರಿಕೆ ಇದ್ರೂ ಓಗ್ಬೋದಿತ್ತು ಅಂತ. ಎದ್ರಿಕೆ ಓದ್ಮೇಲೆ ಓಗನ ಅಂದ್ಕಂಡಿದ್ದೆ ಅಂತ ಕಾಣ್ತದೆ. ಅದು ಓಗೋ ಒತ್ಗೆ ವಯಸ್ಸೂ ಓಯ್ತು."

ಹೇಳಿ ಸಣ್ಣಗೆ ನಕ್ಕಳು. ನಾನು ಅವಳ ಮುಖ ನೋಡಲಾರದೆ ಬೋಗುಣಿ ನೋಡಿದೆ. ಬಹಳ ಹೊತ್ತು ಇಬ್ಬರೂ ಕಾಳು ಹಿತುಕಿದೆವು. ಆಮೇಲೆ ಅವಳು ತಲೆಯೆತ್ತದೆ, ಅಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದಳು.

"ಅವ್ರಿಗೆ ಮಕ್ಳು ಅವ್ರಾ?"

"ಒಬ್ಬಳು ಮಗಳು."

"ಓದ್ತಾವ್ಳಾ?"

"ಓದುತ್ತಾ ಇರಬೇಕು. ಈಗ ದೊಡ್ಡವಳಾಗಿರುತ್ತಾಳೆ."

"ಓದ್ಲಿ ಬುಡು" ಎಂದಳು.

ಬೀದಿಯ ಕೊನೆಯಲ್ಲಿ ಸಂಜೆಯ ಬಸ್ಸು ಹಾರನ್ ಹೊಡೆಯಿತು. ಅದು ತಪ್ಪಿದರೆ ನನಗೆ ಪಿರಿಯಾಪಟ್ಟಣ ಸೇರಲು ಬೇರೆ ದಾರಿಯಿರಲಿಲ್ಲ. ಸೋಮವಾರ ಮೊದಲನೇ ಪೀರಿಯಡ್ಡೇ ನನ್ನದು.

"ಬಸ್ ಓಯ್ತದೆ ಕಣವ್ವ, ಏಳು" ಎಂದಳು ರತ್ನತ್ತೆ.

"ಓಗ್ಲಿ ಬುಡತ್ತೆ" ಎಂದೆ.

ನನ್ನ ಬಾಯಿಂದ ಊರಿನ ಮಾತು ಬಂದು ಎಷ್ಟು ಕಾಲವಾಗಿತ್ತೋ. ಅವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಬೋಗುಣಿಯನ್ನು ನಮ್ಮಿಬ್ಬರ ನಡುವೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.